ಬಾಣಂತಿಗೆ ಸೋಕಿದ್ದು ಗಾಳಿಯಲ್ಲ

ತೀರ್ಥಹಳ್ಳಿ ಕಡೆ ಮಳೆಗಾಲದ ಬಾಣಂತನ ಅಂದರೆ ಮನೆಮಂದಿಗೆಲ್ಲ ಕೆಲಸ. ಹಂಡೆ ತುಂಬ ಬಿಸಿನೀರು, ಕಾಳುಮೆಣಸಿನ ಸಾರು, ಕೆಂಡದ ಮೇಲೆ ಧೂಪ, ಎಲ್ಲವೂ ಹೊತ್ತಿಗೆ ಸರಿಯಾಗಿ ಆಗುತ್ತದೆ. ಆದರೆ ಬಾಣಂತಿ ಗೋಡೆ ಕಡೆ ತಿರುಗಿ ಅಳುತ್ತಿದ್ದರೆ ಮಾತ್ರ 'ಗಾಳಿ ಸೋಕಿದೆ' ಅಂತ ತಾಯಿತ ಕಟ್ಟಿಸುತ್ತಾರೆ. ನನಗೆ ಸಂಕಟವಾಗುವುದು ಇಲ್ಲೇ.

ಅದು ಬಾಣಂತಿಯರಿಗೆ ಬರುವ ಖಿನ್ನತೆ ಇರಬಹುದು. ಆಕೆಗೆ ಏನೋ ಸೋಕಿದ್ದಲ್ಲ. ಆಕೆಯಿಂದ ಏನೋ ಹೋಗಿದೆ. ಬಸುರಿಯ ಮೈಯಲ್ಲಿ ಪ್ರೊಜೆಸ್ಟರಾನ್ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುವುದು ಮಾಸು. ಹೆರಿಗೆಯಾಗಿ ಮಾಸು ಬಿತ್ತು ಅಂದರೆ ಕೆಲವೇ ದಿನಗಳಲ್ಲಿ ಆ ಹಾರ್ಮೋನು ತಳ ಕಾಣುತ್ತದೆ. ಅದರಿಂದಲೇ ಹುಟ್ಟುವ ಅಲೋಪ್ರೆಗ್ನನೊಲೋನ್ ಕೂಡ ಇಳಿಯುತ್ತದೆ. ಹೆಸರು ಉದ್ದ, ಕೆಲಸ ಸರಳ. ಮೆದುಳನ್ನು ಶಾಂತವಾಗಿಡುವ ಗಾಬಾ ಅನ್ನುವ ಬ್ರೇಕ್ ಇದೆ, ಅದನ್ನು ಇದು ಇನ್ನಷ್ಟು ಒತ್ತಿ ಹಿಡಿಯುತ್ತದೆ.

ಆಗುಂಬೆ ಘಾಟಿ ಇಳಿಯುವ ಬಸ್ಸನ್ನು ನೆನೆಯಿರಿ. ಡ್ರೈವರ್ ಕಾಲಿನ ಮೇಲೆ ಇನ್ನೊಂದು ಕಾಲೂ ಇದ್ದರೆ ಬಸ್ಸು ನಿಂತೇಬಿಡುತ್ತದೆ, ಅಲ್ವಾ? ಬಸುರಿನಲ್ಲಿ ಆ ಎರಡನೇ ಕಾಲು ಈ ಅಲೋಪ್ರೆಗ್ನನೊಲೋನ್. ಅದಕ್ಕೇ ಮೆದುಳು ಬ್ರೇಕನ್ನು ಸ್ವಲ್ಪ ಸಡಿಲ ಮಾಡಿಕೊಂಡಿರುತ್ತದೆ. ಘಾಟಿಯ ನಡುವೆ ಆ ಎರಡನೇ ಕಾಲು ತಟ್ಟನೆ ತೆಗೆದರೆ? ಬ್ರೇಕ್ ಮತ್ತೆ ಬಿಗಿಯಾಗಲು ಸಮಯ ಬೇಕು. ಬಾಣಂತಿ ಕೋಣೆಯ ಮಬ್ಬಿನಿಂದ ಅಂಗಳದ ಬಿಸಿಲಿಗೆ ಬಂದಾಗ ಕಣ್ಣು ಕುಕ್ಕುತ್ತದಲ್ಲ, ಇದೂ ಹಾಗೇ. ಕೆಲವರ ಮೆದುಳು ಹೊಂದಿಕೊಳ್ಳುವುದು ನಿಧಾನ. ಬಾಣಂತಿಯರ ಖಿನ್ನತೆಗೆ ಸಂಶೋಧಕರು ಕೊಡುವ ಮುಖ್ಯ ವಿವರಣೆಗಳಲ್ಲಿ ಇದೊಂದು. ಇದೇ ಅಲೋಪ್ರೆಗ್ನನೊಲೋನನ್ನು ಡ್ರಿಪ್ ಮೂಲಕ ಕೊಡುವ ಚಿಕಿತ್ಸೆಗೆ 2019ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬರೀ ಹಾರ್ಮೋನಷ್ಟೇ ಅಲ್ಲ, ನಿದ್ದೆಗೇಡು, ಗಂಡನ ಹೊಡೆತ, 'ಹೆಣ್ಣಾಯ್ತಾ' ಅನ್ನುವ ಮಾತು, ಎಲ್ಲ ಸೇರಿ ಭಾರವಾಗುತ್ತದೆ. ಎಷ್ಟೋ ಜನರಿಗೆ ಇದು ಬಸುರಿನಲ್ಲೇ ಶುರುವಾಗಿರುತ್ತದೆ.

ಫ್ರಾನ್ಸಿನ ವೈದ್ಯ ಲೂಯಿ ವಿಕ್ಟರ್ ಮಾರ್ಸೆ 1858ರಲ್ಲೇ ಬಸುರಿ, ಬಾಣಂತಿಯರ ಮನೋರೋಗಗಳ ಬಗ್ಗೆ ಇಡೀ ಪುಸ್ತಕ ಬರೆದ. ನಮ್ಮ ಅಜ್ಜಿಯರಿಗೂ ಇದು ಗೊತ್ತಿತ್ತು, 'ಬಾಣಂತಿ ಸನ್ನಿ' ಅನ್ನುತ್ತಿದ್ದರು. ಆದರೆ ನಂಜಿನ ಜ್ವರದ ಬಡಬಡಿಕೆಯೂ ಮನಸ್ಸಿನ ಕಾಯಿಲೆಯೂ ಆ ಒಂದೇ ಮಾತಿನಲ್ಲಿ ಸೇರಿಹೋಗಿದ್ದವು. ಇಲ್ಲದ ದನಿ ಕೇಳುವುದು, ಮಗು ತನ್ನದಲ್ಲ ಅನ್ನುವುದು, ಇಂಥ ತೀವ್ರ ಕಾಯಿಲೆ ಬರುವುದು 1000 ಬಾಣಂತಿಯರಲ್ಲಿ ಒಬ್ಬಿಬ್ಬರಿಗೆ. ಅವರನ್ನು ಅವತ್ತೇ ಆಸ್ಪತ್ರೆಗೆ ಒಯ್ಯಬೇಕು. ಮಗುವನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಹೆದರಿಕೆ ಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ, ಮಗು ಒಟ್ಟಿಗೇ ಇರುವ ವಾರ್ಡ್ ಇದೆ.

ಉಳಿದವರ ಮಾತಿಗೆ ಬಂದರೆ, ಮೂರನೇ ದಿನದ ಹೊತ್ತಿಗೆ ಸುಮ್ನೆ ಅಳು ಬರುವುದು ಬಹಳ ಜನರಿಗೆ ಇದ್ದದ್ದೇ. ಎರಡು ವಾರದೊಳಗೆ ಅದು ಹೋಗಬೇಕು. ಹೋಗದಿದ್ದರೆ, ಮಗು ಮಲಗಿದರೂ ತಾಯಿಗೆ ನಿದ್ದೆ ಬರದಿದ್ದರೆ, ಅದು ಖಿನ್ನತೆ ಇರಬಹುದು. ಮಾತಿನ ಚಿಕಿತ್ಸೆಯೂ ಮಾತ್ರೆಯೂ ಇವೆ. ಎದೆಹಾಲು ಕೊಡುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಹೆರಿಗೆಯಾದ 3, 7, 14ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ಆಮೇಲೂ 42ನೇ ದಿನದವರೆಗೆ ಬರುತ್ತಾರೆ. ಆ 14ನೇ ದಿನ, ಮಗುವಿನ ತೂಕ ನೋಡಿದ ಮೇಲೆ, ಅತ್ತೆಯನ್ನು ಸ್ವಲ್ಪ ಹೊರಗೆ ಕಳಿಸಿ ಬಾಣಂತಿಯನ್ನೇ ಕೇಳಲಿ. 'ಅಳು ನಿಂತಿತಾ ಅಕ್ಕ? ನಿದ್ದೆ ಬರುತ್ತಾ?'