ತಿರುಗುವ ಮೊದಲು ಬ್ರೇಕ್: ದಿಕ್ಕು ಬದಲಾವಣೆ ಮತ್ತು ಚುರುಕುತನ ತರಬೇತಿ

ದೈಹಿಕ ಶಿಕ್ಷಣದ ಪರೀಕ್ಷೆಗಳಲ್ಲಿ ಹೆಚ್ಚು ಗೊಂದಲ ಹುಟ್ಟಿಸುವ ಜೋಡಿ ಇದು, ಮೊದಲು ಬಿಡಿಸಿಕೊಳ್ಳೋಣ. ಎಲ್ಲಿ ತಿರುಗಬೇಕೆಂದು ಮೊದಲೇ ಗೊತ್ತಿದ್ದು ತಿರುಗುವುದು ದಿಕ್ಕು ಬದಲಾವಣೆ. ಎದುರಾಳಿಯ ಚಲನೆ ಕಂಡು, ಆ ಕ್ಷಣದಲ್ಲೇ ನಿರ್ಧರಿಸಿ ತಿರುಗುವುದು ಚುರುಕುತನ, ಅಂದರೆ ಅಜಿಲಿಟಿ. ಕ್ರಿಕೆಟ್‌ನಲ್ಲಿ ಎರಡನೇ ರನ್ನಿಗೆ ಕ್ರೀಸ್‌ನಲ್ಲಿ ತಿರುಗುವುದು ಹೆಚ್ಚುಕಡಿಮೆ ಮೊದಲನೆಯದು. ಕಬಡ್ಡಿ ರೇಡರ್ ಕಾರ್ನರ್ ಡಿಫೆಂಡರ್ ಮುಂದೆ ಬಂದದ್ದು ಕಂಡು ಒಳಕ್ಕೆ ನುಗ್ಗುವುದು ಎರಡನೆಯದು. ಕೋನ್ ಸುತ್ತ ಓಡುವ ಇಲಿನಾಯ್ ಮತ್ತು ಟಿ-ಟೆಸ್ಟ್‌ಗಳಿಗೆ ಅಜಿಲಿಟಿ ಟೆಸ್ಟ್ ಎಂಬ ಹೆಸರಿದ್ದರೂ ಅವು ಅಳೆಯುವುದು ದಿಕ್ಕು ಬದಲಾವಣೆಯನ್ನೇ. ಅಲ್ಲಿ ನೋಡಿ ನಿರ್ಧರಿಸುವ ಕೆಲಸವೇ ಇಲ್ಲ.

ಎರಡಕ್ಕೂ ತಳಪಾಯ ಬ್ರೇಕ್. ವೇಗ ಸೆಕೆಂಡಿಗೆ 4 ಮೀಟರ್‌ನಿಂದ 6 ಮೀಟರ್‌ಗೆ ಏರಿದರೆ ನಿಲ್ಲಿಸಬೇಕಾದ ಚಲನಶಕ್ತಿ ಒಂದೂವರೆ ಪಟ್ಟಲ್ಲ, 2.25 ಪಟ್ಟಾಗುತ್ತದೆ. ಅದು ವೇಗದ ವರ್ಗಕ್ಕೆ ಅನುಗುಣ. ಆ ಶಕ್ತಿಯನ್ನು ಹೀರಿಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು, ಪೃಷ್ಠ, ಮೀನಖಂಡಗಳು, ಅದೂ ಉದ್ದವಾಗುತ್ತಲೇ ಬಿಗಿ ಹಿಡಿದು. ಓಟದಲ್ಲಿ ಮುಂದಿರುವ ಹುಡುಗ ತಿರುವಿನಲ್ಲಿ ಹಿಂದೆ ಬಿದ್ದರೆ ಕಾರಣವನ್ನು ಬಹುಪಾಲು ಇಲ್ಲೇ ಹುಡುಕಬೇಕು.

ಕ್ರೀಸ್‌ನಲ್ಲಿ ಏನಾಗುತ್ತದೆ

ಒಂದು ಪಾಪಿಂಗ್ ಕ್ರೀಸ್‌ನಿಂದ, ಅಂದರೆ ರನ್ ಪೂರೈಸಲು ಮುಟ್ಟಬೇಕಾದ ಗೆರೆಯಿಂದ, ಇನ್ನೊಂದಕ್ಕೆ 17.68 ಮೀಟರ್. ಎರಡು ರನ್ ಓಡುವಾಗ ಆ ಕೊನೆಯಲ್ಲಿ 180 ಡಿಗ್ರಿ ತಿರುವು. ನಿಧಾನಗತಿಯ ವಿಡಿಯೋದಲ್ಲಿ ಒಳ್ಳೆಯ ಓಟಗಾರನನ್ನು ಗಮನಿಸಿ: ಕ್ರೀಸ್‌ಗೆ ಮೂರು-ನಾಲ್ಕು ಹೆಜ್ಜೆ ಇರುವಾಗಲೇ ಹೆಜ್ಜೆ ಚಿಕ್ಕದಾಗುತ್ತದೆ, ಸೊಂಟ ಕೆಳಗಿಳಿಯುತ್ತದೆ. ಕೊನೆಯದಕ್ಕಿಂತ ಒಂದು ಮುಂಚಿನ ಹೆಜ್ಜೆಯೇ ಇಲ್ಲಿ ಮುಖ್ಯ. ಪಾದ ದೇಹಕ್ಕಿಂತ ಮುಂದೆ ಬಿದ್ದು, ಮಂಡಿ ಮಡಚಿ, ವೇಗದ ದೊಡ್ಡ ಪಾಲನ್ನು ಅದು ತಿಂದುಹಾಕುತ್ತದೆ. ಕೊನೆಯ ಪಾದ ಅಡ್ಡಕ್ಕೆ ಊರಿದಾಗ ಉಳಿಯುವ ಕೆಲಸ ಮರಳಿ ತಳ್ಳುವುದು, ಆ ಹೊತ್ತಿಗೆ ಮೈ ಬಂದ ದಾರಿಯ ಕಡೆಗೆ ವಾಲಿರಬೇಕು. ಬ್ಯಾಟನ್ನು ಉದ್ದಕ್ಕೆ ಚಾಚಿ ಗೆರೆಯಾಚೆ ತಾಗಿಸಿದರೆ ಕಾಲು ಕ್ರೀಸ್ ದಾಟಬೇಕಿಲ್ಲ. ತಿರುಗುವಾಗ ಮುಖ ಚೆಂಡಿನ ಕಡೆಗಿರಬೇಕಾದ್ದರಿಂದ ಎಡ-ಬಲ ಎರಡೂ ಬದಿಗೆ ತಿರುಗುವುದನ್ನು, ಬ್ಯಾಟಿನ ಕೈ ಬದಲಿಸುವುದನ್ನು ಒಟ್ಟಿಗೇ ರೂಢಿಸಿ.

ಮಾಮೂಲಿ ತಪ್ಪು: ಪೂರಾ ವೇಗದಲ್ಲಿ ಬಂದು ಕೊನೆಯ ಒಂದೇ ಕಾಲಿನ ಮೇಲೆ ಬ್ರೇಕ್ ಹಾಕುವುದು. ಆಗ ಮಂಡಿ ನೆಟ್ಟಗಿರುತ್ತದೆ, ಮೈ ಊರಿದ ಕಾಲಿನ ಕಡೆಗೇ ಬೀಳುತ್ತದೆ, ಮಂಡಿ ಒಳಕ್ಕೆ ಕುಸಿಯುತ್ತದೆ. ಮಂಡಿಯೊಳಗೆ ಎಲುಬುಗಳನ್ನು ಹಿಡಿದಿಡುವ ಎಸಿಎಲ್ ಲಿಗಮೆಂಟ್ ಹರಿಯುವ ಭಂಗಿ ಇದೇ. "ಇನ್ನೂ ಜೋರಾಗಿ ಬಾ" ಎಂದು ಕೂಗುವುದಕ್ಕಿಂತ "ಮುಂಚೆಯೇ ಕೂರು, ಆಮೇಲೆ ತಳ್ಳು" ಎನ್ನುವ ಸೂಚನೆ ಹೆಚ್ಚು ಕೆಲಸ ಮಾಡುತ್ತದೆ.

45 ಡಿಗ್ರಿ ತಿರುವಿನ ಲೆಕ್ಕ ಬೇರೆ. ಅಲ್ಲಿ ವೇಗ ಉಳಿಸಿಕೊಳ್ಳಬೇಕು, ಬ್ರೇಕ್ ಅಲ್ಪ. ಬಲಕ್ಕೆ ಹೋಗಬೇಕಾದರೆ ಎಡ ಪಾದ ಸೊಂಟದ ನೇರಕ್ಕಿಂತ ಹೊರಗೆ ಬೀಳಬೇಕು. ಆದರೆ ತೀರಾ ಅಗಲಕ್ಕೆ ಇಟ್ಟರೆ ಮಂಡಿಯ ಮೇಲಿನ ಹೊರೆ ಏರುತ್ತದೆ.

ಅಳೆಯುವುದು

505 ಟೆಸ್ಟ್‌ಗೆ ಮೂರು ಗೆರೆ ಸಾಕು: ಆರಂಭ, 10 ಮೀಟರ್, 15 ಮೀಟರ್. ಓಟಗಾರ 10 ಮೀಟರ್ ಗೆರೆ ದಾಟಿದಾಗ ಗಡಿಯಾರ ಶುರು, 15ರಲ್ಲಿ ತಿರುಗಿ ಮತ್ತೆ 10ರ ಗೆರೆಗೆ ಬಂದಾಗ ಬಂದ್. ಪ್ರತಿ ಕಾಲಿನ ತಿರುವಿಗೂ ಮೂರು ಯತ್ನ, ನಡುವೆ 2–3 ನಿಮಿಷ ವಿಶ್ರಾಂತಿ. ಈ ಸಮಯವನ್ನು ಹಾಗೇ ನಂಬಬೇಡಿ, ನೇರ ಓಟದ ವೇಗ ಅದರೊಳಗೆ ಬೆರೆತಿರುತ್ತದೆ. ಒಬ್ಬಳ 505 ಸಮಯ 2.50 ಸೆಕೆಂಡ್, 10 ಮೀಟರ್ ನೇರ ಓಟ 1.85 ಎಂದುಕೊಳ್ಳಿ, ವ್ಯತ್ಯಾಸ 0.65. ಇನ್ನೊಬ್ಬಳದೂ 2.50, ಆದರೆ ನೇರ ಓಟ 1.75, ವ್ಯತ್ಯಾಸ 0.75. ಎರಡನೆಯವಳು ವೇಗದ ಓಟಗಾರ್ತಿ, ತಿರುವಿನಲ್ಲಿ ಸಮಯ ಸೋರಿಹೋಗುತ್ತಿದೆ. ಅವಳಿಗೆ ಬೇಕಿರುವುದು ಬ್ರೇಕ್ ತರಬೇತಿ, ಇನ್ನಷ್ಟು ಸ್ಪ್ರಿಂಟ್ ಅಲ್ಲ. ಇಷ್ಟು ಸಣ್ಣ ಅಂತರವನ್ನು ಕೈಯ ಸ್ಟಾಪ್‌ವಾಚ್ ನುಂಗಿಬಿಡುತ್ತದೆ. ಓಟಗಾರ ದಾಟಿದ ಕ್ಷಣವನ್ನು ತಾನೇ ದಾಖಲಿಸುವ ಟೈಮಿಂಗ್ ಗೇಟ್ ಇಲ್ಲದಿದ್ದರೆ ಮೊಬೈಲನ್ನು 10 ಮೀಟರ್ ಗೆರೆಯ ನೇರಕ್ಕೆ ಪಕ್ಕದಲ್ಲಿ ನಿಲ್ಲಿಸಿ ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರೀಕರಿಸಿ ಫ್ರೇಮ್ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4 ಮಿಲಿಸೆಕೆಂಡ್.

ತರಬೇತಿಯ ಕ್ರಮ

ಮೊದಲೆರಡು ವಾರ ತಿರುವೇ ಬೇಡ. 5 ಮೀಟರ್ ಓಡಿ ಎರಡು-ಮೂರು ಹೆಜ್ಜೆಯಲ್ಲಿ ನಿಂತು, ಎರಡು ಸೆಕೆಂಡ್ ಅಲುಗದೆ ಇರಬೇಕು. 6–8 ಸಲ. ಆಮೇಲೆ 10 ಮೀಟರ್ ಓಟದಿಂದ ಇದೇ ಕೆಲಸ. 30 ಸೆಂ.ಮೀ. ಎತ್ತರದ ಪೆಟ್ಟಿಗೆಯಿಂದ ಕೆಳಗಿಳಿದು ಸದ್ದಾಗದಂತೆ ನಿಲ್ಲುವುದು, ಸ್ಪ್ಲಿಟ್ ಸ್ಕ್ವಾಟ್ (ಒಂದು ಕಾಲು ಮುಂದೆ, ಒಂದು ಹಿಂದೆ ಇಟ್ಟು ಕೂತೇಳುವುದು), ಪಕ್ಕಕ್ಕೆ ಲಂಜ್ (ಅಗಲ ಹೆಜ್ಜೆ ಇಟ್ಟು ಆ ಮಂಡಿ ಮಡಚುವುದು) ಜೊತೆಗಿರಲಿ. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ, ಜೊತೆಗಾರ ಹಿಮ್ಮಡಿ ಹಿಡಿದಿರುವಾಗ ಮೈಯನ್ನು ನಿಧಾನವಾಗಿ ಮುಂದಕ್ಕೆ ಇಳಿಸುವುದು) ವಾರಕ್ಕೆರಡು ದಿನ, ತಲಾ 2 ಸೆಟ್, ಸೆಟ್ಟಿಗೆ 4–5 ಸಲ. ಆ ಬಳಿಕ ಮುಕ್ಕಾಲು ವೇಗದಲ್ಲಿ 45 ಡಿಗ್ರಿ, ಮುಂದೆ 90, ಕೊನೆಗೆ 180. ಜೋರಿನ ತಿರುವುಗಳು ಒಂದು ಅವಧಿಗೆ 12–16ರಿಂದ ಶುರುವಾಗಿ 25–30 ದಾಟದಿರಲಿ. ವಾರಕ್ಕೆರಡು ಸಲ, ನಡುವೆ 48 ಗಂಟೆ, ವಾರ್ಮಪ್ ಆದ ಕೂಡಲೇ. ಅಭ್ಯಾಸದ ಕೊನೆಗೆ ದಣಿದ ಕಾಲಿಗೆ ತಿರುವು ಕಲಿಸಿದರೆ ಕಲಿಯುವುದು ತಪ್ಪು ಭಂಗಿಯನ್ನೇ. ಮೈದಾನದಲ್ಲಿ ಹಾಸುವ ಏಣಿಯಾಕಾರದ ಪಟ್ಟಿ, ಅಂದರೆ ಅಜಿಲಿಟಿ ಲ್ಯಾಡರ್, ಪಾದದ ಲಯಕ್ಕೆ, ವಾರ್ಮಪ್‌ಗೆ ಸರಿ. ಅಲ್ಲಿ ಬ್ರೇಕೂ ಇಲ್ಲ, ನಿರ್ಧಾರವೂ ಇಲ್ಲವಾದ್ದರಿಂದ ಅದನ್ನೇ ಮುಖ್ಯ ಅಭ್ಯಾಸ ಮಾಡಿಕೊಳ್ಳುವುದು ಹೊತ್ತು ಹಾಳು.

ತಿರುವು ಗಟ್ಟಿಯಾದ ಮೇಲೆ ಎದುರಿಗೊಬ್ಬರನ್ನು ನಿಲ್ಲಿಸಿ. 4 ಮೀಟರ್ ಚೌಕದಲ್ಲಿ ಒಬ್ಬ ಮುಂದಾಳು, ಇನ್ನೊಬ್ಬ ಅವನ ನೆರಳು. 5–6 ಸೆಕೆಂಡ್ ಆಟ, 45–60 ಸೆಕೆಂಡ್ ವಿಶ್ರಾಂತಿ, 6 ಸುತ್ತು. ಬಣ್ಣದ ದೀಪ, ಬಾಣದ ಗುರುತು, ಶಿಳ್ಳೆ ಇವೆಲ್ಲ ಪ್ರತಿಕ್ರಿಯೆಯನ್ನು ಕೇಳುತ್ತವೆ, ಆದರೆ ಎದುರಾಳಿಯ ಮೈ ಓದುವುದನ್ನು ಕಲಿಸುವುದಿಲ್ಲ. ಕೈ, ತಲೆ, ಭುಜ ಸುಳ್ಳು ಹೇಳಬಹುದು, ಸೊಂಟಕ್ಕೆ ಅದು ಕಷ್ಟ. ಡಿಫೆಂಡರ್‌ಗಳಿಗೆ ರೇಡರ್‌ನ ಸೊಂಟ ನೋಡಿ ಎಂದು ಕಲಿಸುವುದು ಅದಕ್ಕೇ. ರೇಡರ್ ಅದನ್ನು ತಿರುಗಿಸಿ ಬಳಸುತ್ತಾನೆ: ಭುಜದಿಂದ ಒಂದು ಕಡೆ ತೋರಿಸಿ, ಡಿಫೆಂಡರ್‌ನ ಭಾರ ಒಂದೇ ಕಾಲಿಗೆ ಬಿದ್ದ ಕ್ಷಣ ಇನ್ನೊಂದು ಕಡೆಗೆ ಸರಿಯುತ್ತಾನೆ. ಈ ಅಭ್ಯಾಸದಲ್ಲಿ ಮುಂದಾಳು ನಿಜವಾಗಿ ಮೋಸ ಮಾಡಲೇಬೇಕು. ಸುಮ್ಮನೆ ಅತ್ತಿತ್ತ ಓಡಿದರೆ ಮತ್ತೆ ಕೋನ್ ಸುತ್ತಿದ ಹಾಗೇ ಆಗುತ್ತದೆ.

ಮೊದಲ ದಿನವೇ ಮ್ಯಾಟ್ ಒಣಗಿದೆಯೇ, ಬೂಟಿನ ಹಿಡಿತ ಹೇಗಿದೆ ನೋಡಿಕೊಳ್ಳಿ. ಜಾರುವ ನೆಲದಲ್ಲಿ ಕಾಲು ತಪ್ಪುತ್ತದೆ. ಹಿಡಿತ ಅತಿಯಾದರೆ ಪಾದ ಸಿಕ್ಕಿಕೊಂಡು, ತಿರುವಿನ ಹೊರೆ ಮಂಡಿಗೆ ಬೀಳುತ್ತದೆ.