ಕುತಂತ್ರಿಗಳು ಎಲ್ಲ ಸಂಸ್ಕೃತಿಗಳಲ್ಲೂ ಒಂದೇ ಥರ ಇರುತ್ತಾರಾ?

ಪ್ರಶ್ನೆ: ಅಹಂಕಾರ, ಕುತಂತ್ರ, ನಿರ್ದಯತೆ ಮೈಗೂಡಿದವರು ಯಾವ ದೇಶದಲ್ಲಾದರೂ ಒಂದೇ ರೀತಿ ನಡೆದುಕೊಳ್ಳುತ್ತಾರಾ?

ಉತ್ತರ: ಸ್ವಭಾವ ಎಲ್ಲ ಕಡೆಯೂ ಕಾಣಸಿಗುತ್ತದೆ, ಅದು ಹೊರಬೀಳುವ ರೀತಿ ಬೇರೆ. ಅಲಾಸ್ಕಾದ ಮೂಲನಿವಾಸಿಗಳ ನಡುವೆ ಕೆಲಸ ಮಾಡಿದ ಮಾನವಶಾಸ್ತ್ರಜ್ಞೆ ಜೇನ್ ಮರ್ಫಿ 1976ರಲ್ಲಿ ಬರೆದದ್ದನ್ನು ನೋಡಿ. ಪದೇ ಪದೇ ಸುಳ್ಳು ಹೇಳುವ, ಕದಿಯುವ, ಬೇಟೆಗೆ ಹೋಗದೆ ತಪ್ಪಿಸಿಕೊಳ್ಳುವ, ಉಳಿದ ಗಂಡಸರು ಊರಲ್ಲಿಲ್ಲದಾಗ ಹೆಂಗಸರನ್ನು ಬಳಸಿಕೊಳ್ಳುವ, ಹಿರಿಯರು ಎಷ್ಟು ಗದರಿದರೂ ಕೇಳದ ಮನುಷ್ಯನನ್ನು ಆ ಜನ ಚೆನ್ನಾಗಿ ಗುರುತಿಸುತ್ತಿದ್ದರು. ಅದಕ್ಕೆ ಅವರಿಗೆ ಮನಶ್ಶಾಸ್ತ್ರದ ಪುಸ್ತಕ ಬೇಕಾಗಿರಲಿಲ್ಲ.

2002ರಲ್ಲಿ ಕೆನಡಾದ ಮನಶ್ಶಾಸ್ತ್ರಜ್ಞರಾದ ಡೆಲ್ರಾಯ್ ಪಾಲ್‌ಹಸ್ ಮತ್ತು ಕೆವಿನ್ ವಿಲಿಯಮ್ಸ್ ನಾರ್ಸಿಸಿಸಂ, ಮ್ಯಾಕಿಯವೆಲಿಯನಿಸಂ, ಸೈಕೋಪಥಿ ಈ ಮೂರನ್ನೂ ಸೇರಿಸಿ 'ಡಾರ್ಕ್ ಟ್ರಯಾಡ್' (ಕರಾಳ ತ್ರಿಕೂಟ) ಎಂದರು. ಮೊದಲನೆಯದು ಹೊಗಳಿಕೆಯ ಹಸಿವು, ಎರಡನೆಯದು ಲೆಕ್ಕ ಹಾಕಿ ಜನರನ್ನು ಆಡಿಸುವುದು, ಮೂರನೆಯದು ಮರುಕವಿಲ್ಲದ ದುಡುಕು. ಇವು ರೋಗದ ಹೆಸರುಗಳಲ್ಲ. ಎಲ್ಲರಲ್ಲೂ ಹೆಚ್ಚುಕಡಿಮೆ ಇರುವ ಗುಣಗಳು.

ಸಂಸ್ಕೃತಿಗೆ ಹೆಚ್ಚು ಬಗ್ಗುವುದು ನಾರ್ಸಿಸಿಸಂ. 49 ದೇಶಗಳ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗುಂಪಿನ ಬಂಧ ಮತ್ತು ಮೇಲುಕೀಳಿನ ಶ್ರೇಣಿ ಗಟ್ಟಿಯಾಗಿರುವ ಸಮಾಜಗಳಲ್ಲೇ ಅದು ಹೆಚ್ಚು ಕಂಡಿತು. 'ನಾನು' ಎನ್ನುವ ಸಮಾಜಗಳಲ್ಲೇ ಅಹಂ ಜಾಸ್ತಿ ಎಂಬ ನಂಬಿಕೆಗೆ ಇದು ಪೂರಾ ಉಲ್ಟಾ. ನನಗೆ ಇದು ಅಷ್ಟೇನೂ ಆಶ್ಚರ್ಯವಲ್ಲ. ಸ್ವಂತ ಸಾಧನೆ ಕೊಚ್ಚಿಕೊಳ್ಳುವುದನ್ನು ಮೆಚ್ಚುವ ಕಡೆ ಅಹಂಕಾರಿ ನೇರವಾಗಿ "ನಾನೇ ಬೆಸ್ಟ್" ಎನ್ನುತ್ತಾನೆ. ತ್ಯಾಗಕ್ಕೆ ಬೆಲೆಯಿರುವ ಕಡೆ ಅದೇ ಮನುಷ್ಯ "ಈ ಮನೆಗೆ ನನ್ನಷ್ಟು ದುಡಿದವರು ಯಾರಿದ್ದಾರೆ?" ಎಂದು ಎಲ್ಲರ ಬಾಯಿ ಮುಚ್ಚಿಸುತ್ತಾನೆ. ಸೇವೆಯ ಹೆಸರಿನ ಈ ಅಹಂಕಾರವನ್ನೂ ಮನಶ್ಶಾಸ್ತ್ರಜ್ಞರು ಪ್ರತ್ಯೇಕವಾಗಿ ಅಳೆದಿದ್ದಾರೆ. ಇದನ್ನು ಎದುರಿಸುವುದು ಹೆಚ್ಚು ಕಷ್ಟ, ಏಕೆಂದರೆ ಪ್ರಶ್ನಿಸಿದವರೇ ಕೃತಘ್ನರಾಗಿಬಿಡುತ್ತಾರೆ.

ಕುತಂತ್ರದ ಕತೆಯೂ ಹೀಗೆಯೇ. ಶ್ರೇಣಿ ಬಿಗಿಯಾಗಿದ್ದರೆ ಮೇಲಿನವರಿಗೆ ವಿನಯ, ಕೆಳಗಿನವರಿಗೆ ದರ್ಪ. ಹಾಗಾಗಿ ಮೇಲಧಿಕಾರಿ ಕೊಡುವ ಸರ್ಟಿಫಿಕೇಟ್ ನಂಬುವ ಮೊದಲು ಕೈಕೆಳಗಿನವರನ್ನು ಕೇಳಿ.

ಆದರೆ ದೇಶ ದೇಶಗಳ ಅಂಕ ಹೋಲಿಸುವಾಗ ಎಚ್ಚರ ಬೇಕು. ಈ ಗುಣಗಳನ್ನು ಅಳೆಯುವ ಪರೀಕ್ಷೆಗಳಲ್ಲಿ ಬಹುತೇಕ ಜನ ತಮ್ಮ ಬಗ್ಗೆ ತಾವೇ ಉತ್ತರಿಸುತ್ತಾರೆ, ಉತ್ತರಿಸಿದವರಲ್ಲಿ ಬಹಳಷ್ಟು ಮಂದಿ ಎಳೆಯ ವಯಸ್ಸಿನವರು. ಸರಾಸರಿ ನೋಡಿ ಇಡೀ ಜನಾಂಗಕ್ಕೆ ಹಣೆಪಟ್ಟಿ ಹಚ್ಚುವುದು ಅನ್ಯಾಯ. ಒಂದೇ ದೇಶದ ಇಬ್ಬರ ನಡುವಿನ ಅಂತರ, ಎರಡು ದೇಶಗಳ ಸರಾಸರಿಗಳ ನಡುವಿನ ಅಂತರಕ್ಕಿಂತ ಎಷ್ಟೋ ದೊಡ್ಡದಿರಬಹುದು.