ಕಂಪ್ಯಾಶನೇಟ್ ಲೀವ್ ಅಂದ್ರೆ ಏನು? ಮ್ಯಾಚ್ ನಡುವೆ ಆಟಗಾರ ಮನೆಗೆ ಹೋದಾಗ

ರಣಜಿ ಮ್ಯಾಚ್‌ನ ಟೀಮ್ ಲಿಸ್ಟ್ ಬಂತು, ಹೋದ ಮ್ಯಾಚ್‌ನಲ್ಲಿ ನೂರು ಹೊಡೆದವನ ಹೆಸರೇ ಇಲ್ಲ ಅಂದುಕೊಳ್ಳಿ. ದಾವಣಗೆರೆಯ ಯಾವ ಮಂಡಕ್ಕಿ ಅಂಗಡಿ ಮುಂದೆ ನಿಂತರೂ ತಕ್ಷಣ ಕಾರಣ ಸಿಗುತ್ತದೆ. ಕೋಚ್ ಜೊತೆ ಜಗಳ. ಸೆಲೆಕ್ಟರ್ ಕಡೆಯವನಿಗೆ ಜಾಗ. ‘ಇಲ್ಲ ಅಣ್ಣಾ, ಐಪಿಎಲ್‌ಗೆ ಮೈ ಉಳಿಸಿಕೊಳ್ತಿದಾನೆ.’ ಸುದ್ದಿಯ ಕೊನೆ ಸಾಲಲ್ಲಿ ‘ಕಂಪ್ಯಾಶನೇಟ್ ಲೀವ್’ ಅಂತ ಬರೆದಿರುತ್ತದೆ, ಅಲ್ಲಿವರೆಗೆ ಯಾರೂ ಓದಿರುವುದಿಲ್ಲ. ವಿನಯ್ ಕುಮಾರ್ ಅವರಂಥ ಬೌಲರ್ ಹುಟ್ಟಿದ ಊರು, 2013-14 ಮತ್ತು 2014-15ರಲ್ಲಿ ಅವರೇ ನಾಯಕರಾಗಿ ಕರ್ನಾಟಕಕ್ಕೆ ರಣಜಿ ಗೆದ್ದುಕೊಟ್ಟಿದ್ದಾರೆ, ಹಾಗಾಗಿ ಇಲ್ಲಿ ದೇಶೀ ಕ್ರಿಕೆಟ್ ಬಗ್ಗೆ ಮಾತಾಡುವವರಿಗೆ ಬರವಿಲ್ಲ.

ವಿಷಯ ಸರಳ. ಮನೆಯಲ್ಲಿ ಸಾವಾಗಿದ್ದರೆ, ಇಲ್ಲವೇ ಹತ್ತಿರದವರು ತೀರಾ ಗಂಭೀರ ಸ್ಥಿತಿಯಲ್ಲಿದ್ದರೆ, ತಂಡದವರು ಆಟಗಾರನನ್ನು ಊರಿಗೆ ಕಳಿಸಿಕೊಡುವ ರಜೆ ಇದು. ಡ್ರಾಪ್ ಮಾಡಿದ್ದಲ್ಲ, ಗಾಯವೂ ಅಲ್ಲ. ಮಗು ಹುಟ್ಟುವಾಗ ತಗೊಳ್ಳುವುದು ಬೇರೆ. ಕೊಹ್ಲಿ ಆಸ್ಟ್ರೇಲಿಯಾ ಪ್ರವಾಸದ ಮೊದಲ ಟೆಸ್ಟ್ ಆಡಿ ವಾಪಸ್ ಬಂದು, 2021ರ ಜನವರಿಯಲ್ಲಿ ಮಗಳು ಹುಟ್ಟಿದಾಗ ಮನೆಯಲ್ಲಿದ್ದರಲ್ಲ, ಅದು ಪಿತೃತ್ವ ರಜೆ. ಎರಡನ್ನೂ ಒಂದೇ ಚೀಲಕ್ಕೆ ತುಂಬಬೇಡಿ.

ಮ್ಯಾಚ್ ಮುಗಿಸಿ ಹೋದ್ರೆ ಆಗಲ್ವಾ ಅಂತ ಕೇಳುವವರಿದ್ದಾರೆ. ರಣಜಿ ಲೀಗ್ ಮ್ಯಾಚ್ ನಾಲ್ಕು ದಿನ. ನಮ್ಮ ಕಡೆ ಮದುವೆ ತಪ್ಪಿಸಿದರೂ ಮಣ್ಣಿಗೆ ಹೋಗುವುದನ್ನು ತಪ್ಪಿಸುವುದಿಲ್ಲ, ಆ ಮಣ್ಣೂ ಸಾಮಾನ್ಯವಾಗಿ ಅವತ್ತೇ ಆಗುತ್ತದೆ, ಜಾಸ್ತಿ ಅಂದರೆ ಮಾರನೇ ದಿನ. ಹುಡುಗ ಅಗರ್ತಲದಲ್ಲೋ ಜಮ್ಮುವಿನಲ್ಲೋ ಆಡುತ್ತಿದ್ದರೆ ಫೋನ್ ಬಂದ ಗಳಿಗೆಯಲ್ಲೇ ಹೊರಡಬೇಕು.

ಹಾಗೆ ಹೊರಟಾಗ ಮೈದಾನದಲ್ಲಿ ಏನಾಗುತ್ತದೆ? ಟಾಸ್‌ಗೆ ಮುಂಚೆ ಆದರೆ ತಲೆನೋವಿಲ್ಲ, ಇನ್ನೊಬ್ಬನ ಹೆಸರು ಬರೆದರಾಯಿತು. ಹನ್ನೊಂದು ಹೆಸರು ಕೊಟ್ಟಾದ ಮೇಲೆ, ಹೀಗೆ ಮನೆಗೆ ಹೋದವನ ಜಾಗಕ್ಕೆ ಎದುರಾಳಿ ನಾಯಕ ಒಪ್ಪದೆ ಇನ್ನೊಬ್ಬನನ್ನು ಹಾಕುವ ಹಾಗಿಲ್ಲ. ಬದಲಿ ಫೀಲ್ಡರ್ ಬರಬಹುದು, ಆದರೆ ಅವನಿಗೆ ಬ್ಯಾಟಿಂಗೂ ಇಲ್ಲ ಬೌಲಿಂಗೂ ಇಲ್ಲ. 2024ರ ಫೆಬ್ರುವರಿಯಲ್ಲಿ ರಾಜ್‌ಕೋಟ್ ಟೆಸ್ಟ್‌ನಲ್ಲಿ ಅಶ್ವಿನ್ 500ನೇ ವಿಕೆಟ್ ತಗೊಂಡ ದಿನವೇ ತಾಯಿಗೆ ಹುಷಾರಿಲ್ಲ ಅಂತ ಚೆನ್ನೈಗೆ ಹೊರಟರು, ಅವರ ಬದಲು ನಮ್ಮ ದೇವದತ್ತ ಪಡಿಕ್ಕಲ್ ಫೀಲ್ಡಿಂಗ್‌ಗೆ ಇಳಿದರು. ನಾಲ್ಕನೇ ದಿನ ಅಶ್ವಿನ್ ವಾಪಸ್ ಬಂದು ಬೌಲಿಂಗೂ ಮಾಡಿದರು. ಮಾಮೂಲಾಗಿ ಹೊರಗೆ ಹೋಗಿ ಬಂದವನು ಬೌಲಿಂಗ್‌ಗೆ ಸ್ವಲ್ಪ ಹೊತ್ತು ಕಾಯಬೇಕು. ಆದರೆ ಹೋದ ಕಾರಣ ನ್ಯಾಯವಾದದ್ದು ಅಂತ ಅಂಪೈರ್‌ಗೆ ಅನಿಸಿದರೆ ಕಾಯಿಸುವುದಿಲ್ಲ.

ಕ್ರೀಸ್‌ನಲ್ಲಿ ಇರುವಾಗಲೇ ಕರೆ ಬಂದರೆ? ಅದಕ್ಕೂ ನಿಯಮ ಇದೆ. ಅನಾರೋಗ್ಯ, ಗಾಯ ಅಥವಾ ಬೇರೆ ಅನಿವಾರ್ಯ ಕಾರಣಕ್ಕೆ ಹೊರಟ ಬ್ಯಾಟ್ಸ್‌ಮನ್ ಔಟಲ್ಲ, ಮತ್ತೆ ಬಂದು ಆಡಬಹುದು. 1983ರಲ್ಲಿ ಆಂಟಿಗಾದಲ್ಲಿ, ಅದೂ ಭಾರತದ ಮೇಲೆ, ಗಾರ್ಡನ್ ಗ್ರೀನಿಜ್ 154 ಹೊಡೆದು ಆಡುತ್ತಿದ್ದರು. ಮಗಳು ಆಸ್ಪತ್ರೆಯಲ್ಲಿದ್ದಳು, ಇನ್ನಿಂಗ್ಸ್ ಅಲ್ಲಿಗೇ ಬಿಟ್ಟು ಹೊರಟರು. ಮಗು ಉಳಿಯಲಿಲ್ಲ. ಸ್ಕೋರ್‌ಕಾರ್ಡ್‌ನಲ್ಲಿ ಅವರ ಹೆಸರಿನ ಮುಂದೆ ಇವತ್ತಿಗೂ ‘ರಿಟೈರ್ಡ್ ನಾಟ್ ಔಟ್’ ಅಂತಲೇ ಇದೆ.

ಇಷ್ಟು ಹೇಳಿದರೆ ಸಾಕು, ಯಾರಾದರೂ ಒಬ್ಬರು ಕೊಹ್ಲಿ ಕಥೆ ತೆಗೆಯುತ್ತಾರೆ. 2006ರ ಡಿಸೆಂಬರ್, ದೆಹಲಿಯ ಕೋಟ್ಲಾ ಮೈದಾನ, ಎದುರಾಳಿ ನಮ್ಮ ಕರ್ನಾಟಕವೇ. ದಿನದಾಟ ಮುಗಿದಾಗ ಹದಿನೆಂಟರ ಹುಡುಗ 40 ಹೊಡೆದು ಔಟಾಗದೆ ಉಳಿದಿದ್ದ, ರಾತ್ರಿ ಅಪ್ಪ ತೀರಿಕೊಂಡರು, ಬೆಳಿಗ್ಗೆ ಬಂದು ಸ್ಕೋರನ್ನು 90ಕ್ಕೆ ಒಯ್ದು, ತಂಡವನ್ನು ಫಾಲೋ ಆನ್ (ಬೆನ್ನಲ್ಲೇ ಮತ್ತೆ ಬ್ಯಾಟ್ ಮಾಡಬೇಕಾಗುವ) ಭಯದಿಂದ ಎತ್ತಿ, ಆಮೇಲೆ ಅಂತ್ಯಸಂಸ್ಕಾರಕ್ಕೆ ಹೋದ. ದೊಡ್ಡ ಇನ್ನಿಂಗ್ಸೇ, ಎರಡು ಮಾತಿಲ್ಲ. ಆದರೆ ಅದನ್ನೇ ಅಳತೆಗೋಲು ಮಾಡಿ, ಮನೆಗೆ ಹೋದವನಿಗೆ ‘ಕೊಹ್ಲಿ ನೋಡು’ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅವರ ಮನೆ ಅದೇ ಊರಲ್ಲಿ ಇತ್ತು, ಮೈದಾನದಿಂದ ಮನೆಗೆ ಹೋಗಬಹುದಿತ್ತು, ಇದನ್ನು ಯಾರೂ ಹೇಳುವುದಿಲ್ಲ. ಬರೋಡಾದ ವಿಷ್ಣು ಸೋಲಂಕಿ 2022ರಲ್ಲಿ ಆಗಷ್ಟೇ ಹುಟ್ಟಿದ ಮಗಳನ್ನು ಕಳಕೊಂಡು ಊರಿಗೆ ಹೋದರು, ವಾಪಸ್ ಕಟಕ್‌ಗೆ ಬಂದು ಚಂಡೀಗಢದ ಮೇಲೆ 104 ಹೊಡೆದರು, ಆ ಮ್ಯಾಚ್ ಮುಗಿಯುವ ಮುಂಚೆ ಅಪ್ಪನೂ ಹೋದರು. ಇದನ್ನು ಯಾವ ಕೋಲಿನಲ್ಲಿ ಅಳೆಯುತ್ತೀರಿ?

ದೇಶೀ ಆಟಗಾರನಿಗೆ ಇನ್ನೊಂದು ಸಂಕಟ ಇದೆ. ಸುಮ್ನೆ ಭಾವನೆಯ ಮಾತಲ್ಲ, ದುಡ್ಡಿನ ಮಾತು. ಭಾರತ ತಂಡದವರಿಗೆ ವರ್ಷದ ಒಪ್ಪಂದ ಇರುತ್ತದೆ, ರಣಜಿಯಲ್ಲಿ ದಿನದ ಲೆಕ್ಕದಲ್ಲಿ ಮ್ಯಾಚ್ ಫೀ. ಜಾಗ ಬಿಟ್ಟು ಹೋದರೆ ಬದಲಿಗೆ ಬಂದವನು ನೂರು ಹೊಡೆಯಬಹುದು ಅನ್ನುವ ಭಯ ಬೇರೆ. ಹೊಸ ಹುಡುಗ ರಜೆ ಕೇಳುವುದಕ್ಕೇ ಅಂಜುತ್ತಾನೆ, ಹಾಗಾಗಿ ‘ಹೋಗಪ್ಪಾ’ ಅಂತ ಮ್ಯಾನೇಜರ್ ಅಥವಾ ಕ್ಯಾಪ್ಟನ್ನೇ ಮುಂದಾಗಿ ಹೇಳಬೇಕಾಗುತ್ತದೆ.

ಎಷ್ಟು ದಿನ ಅನ್ನುವುದು ಆಟದ ನಿಯಮದಲ್ಲಿ ಎಲ್ಲೂ ಬರೆದಿಲ್ಲ, ಅದು ತಂಡ ಮತ್ತು ಆಟಗಾರನ ನಡುವಿನ ಮಾತು. ಸಚಿನ್ 1999ರ ವಿಶ್ವಕಪ್ ನಡುವೆ ಅಪ್ಪ ತೀರಿಕೊಂಡಾಗ ಮುಂಬೈಗೆ ಬಂದು, ಜಿಂಬಾಬ್ವೆ ಮ್ಯಾಚ್ ಒಂದನ್ನು ತಪ್ಪಿಸಿ, ಕೀನ್ಯಾ ಮೇಲೆ 140 ಹೊಡೆದರು. 2020ರಲ್ಲಿ ಅಪ್ಪ ತೀರಿಕೊಂಡಾಗ ಸಿರಾಜ್‌ಗೆ ಊರಿಗೆ ಹೋಗಬಹುದು ಅಂತ ಬಿಸಿಸಿಐ ಹೇಳಿದರೂ ಪ್ರವಾಸ ಬಿಡದೆ ಆಸ್ಟ್ರೇಲಿಯಾದಲ್ಲೇ ಉಳಿದರು. ಆಸ್ಟ್ರೇಲಿಯಾ ನಾಯಕ ಪ್ಯಾಟ್ ಕಮಿನ್ಸ್ 2023ರಲ್ಲಿ ಕಾಯಿಲೆಯಲ್ಲಿದ್ದ ತಾಯಿಯ ಹತ್ತಿರ ಇರಲು ದೆಹಲಿ ಟೆಸ್ಟ್ ಆದ ಮೇಲೆ ಹೊರಟವರು ಆ ಸರಣಿಗೆ ವಾಪಸ್ ಬರಲೇ ಇಲ್ಲ, ಉಳಿದ ಎರಡು ಟೆಸ್ಟ್‌ಗೆ ಸ್ಮಿತ್ ನಾಯಕರಾದರು.